ಹನುಮಂತಪ್ಪನ ಒಂದೇ ಒಂದು ಡೈಲಾಗು

“ಅದು ಸರಿ, ನಿಂಗೆ ಡೈಲಾಗ್ ಎಷ್ಟೈತಣ್ಣ?” ಎಂದು ಮಲ್ಲೇಶಪ್ಪ ಕೇಳದೇ ಹೋಗಿದ್ದರೆ ಆ ಭಾನುವಾರ ಹನುಮಂತಪ್ಪನಿಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ.

ಬೆಳಿಗ್ಗೆ ಏಳೂವರೆ. ಚನ್ನಗಿರಿಯ ಖಾಸಗಿ ಬಸ್ ನಿಲ್ದಾಣದ ಮೂಲೆಯಲ್ಲಿ ಮಲ್ಲೇಶಪ್ಪನ ಟೀ ಹೋಟೆಲು. ಬೆಂಚುಗಳ ಮೇಲೆ ಏಳೆಂಟು ಕಂಡಕ್ಟರುಗಳು, ನಡುವೆ ಹನುಮಂತಪ್ಪ. ಅವನು ಆ ನಿಲ್ದಾಣದ ಮೈಕಿನ ಮನುಷ್ಯ. “ಹೊನ್ನಾಳಿ, ನ್ಯಾಮತಿ ಕಡೆ ಹೋಗೋರು ಎರಡನೇ ಬಸ್ಸು ಹತ್ರೀ” ಎಂದು ಇಪ್ಪತ್ತಾರು ವರ್ಷದಿಂದ ಕೂಗುತ್ತಿದ್ದ. ಅವನು ಕೂರುವ ಕೋಣೆಗಿದ್ದ ಒಂದೇ ಕಿಟಕಿ ಕಾಂಪೌಂಡ್ ಗೋಡೆಯ ಕಡೆಗೆ ತೆರೆಯುತ್ತಿತ್ತು. ಹಾಗಾಗಿ ಅವನ ದನಿ ನಾಲ್ಕು ತಾಲ್ಲೂಕಿಗೆ ಗೊತ್ತು, ಮುಖ ಮಾತ್ರ ಪಕ್ಕದ ಓಣಿಗೂ ಗೊತ್ತಿಲ್ಲ. ಒಮ್ಮೆ ತ್ಯಾವಣಿಗೆಯ ಮದುವೆಯೊಂದರಲ್ಲಿ ಅವನು “ಇಲ್ಲಿ ಸ್ವಲ್ಪ ಸಾರು ಹಾಕ್ರೀ” ಎಂದದ್ದೇ ತಡ, ಪಂಕ್ತಿಯಲ್ಲಿದ್ದ ಅರ್ಧ ಜನ ಬಸ್ಸು ಹೊರಟಿತೆಂದು ಎಲೆ ಬಿಟ್ಟು ಎದ್ದಿದ್ದರಂತೆ.

ಇಂಥವನ ಮುಖವನ್ನು ಮೊದಲು ಗಮನಿಸಿದವಳು ಕಾವ್ಯಶ್ರೀ. ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದುಡ್ಡಿಲ್ಲದೆ, ಸ್ಟಾರುಗಳಿಲ್ಲದೆ, ಮೊಬೈಲಿನಲ್ಲೇ ಸಿನಿಮಾ ಮಾಡುವ ಹುಚ್ಚಿನ ಗೆಳೆಯ ಗೆಳತಿಯರನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಕಲೆಹಾಕಿ, ಕೋಟೆ ಓಣಿಯ ಸಮುದಾಯ ಭವನದಲ್ಲಿ ‘ಓಣಿ ಸಿನಿಮಾ ಹಬ್ಬ’ ಮಾಡಲು ಹೊರಟಿದ್ದಳು. ಒಂಬತ್ತು ಚಿತ್ರಗಳು, ಒಂದೇ ಸಂಜೆ, ಅದೂ ಈ ಭಾನುವಾರವೇ. ಅವಳದೂ ಒಂದಿತ್ತು. ಹೆಸರು ‘ಟವೆಲ್ಲು’. ಮಗಳನ್ನು ನರ್ಸಿಂಗ್ ಓದಲು ಕಳಿಸುವ ಅಪ್ಪನೊಬ್ಬ ಬಸ್ಸಿನ ಕಿಟಕಿಯೊಳಗೆ ಟವೆಲ್ಲು ಎಸೆದು ಅವಳಿಗೆ ಸೀಟು ಹಿಡಿಯುತ್ತಾನೆ. ಮಗಳು ಕೂರುತ್ತಾಳೆ. ಟವೆಲ್ಲಿನ ಸಮೇತ ಬಸ್ಸು ಹೋಗುತ್ತದೆ. ಅಪ್ಪ ನಿಂತೇ ಇರುತ್ತಾನೆ. ಅಷ್ಟೇ ಕತೆ.

“ನಿಮ್ಮ ಮುಖದಾಗೆ ಏನೋ ಐತೆ ಅಂಕಲ್” ಎಂದು ಅವಳು ಅಪ್ಪನ ಪಾತ್ರಕ್ಕೆ ಕರೆದ ದಿನ ಹನುಮಂತಪ್ಪ ಮನೆಗೆ ಹೋಗಿ ಕನ್ನಡಿಯಲ್ಲಿ ಬಹಳ ಹೊತ್ತು ಹುಡುಕಿದ. ಏನೂ ಸಿಗಲಿಲ್ಲ. ಹೆಂಡತಿ ಅಂತರಘಟ್ಟಮ್ಮನನ್ನು ಕೇಳಿದ. “ಐತೆ ಬಿಡ್ರಿ” ಎಂದು ಆಕೆ ಒಲೆಯ ಕಡೆ ತಿರುಗಿದಳು.

ತೊಡಕು ಎಂದರೆ, ಆ ಅಪ್ಪನಿಗೆ ಇಡೀ ಚಿತ್ರದಲ್ಲಿ ಒಂದು ಮಾತೂ ಇರಲಿಲ್ಲ. ಊರಿಗೆಲ್ಲ ಕೇಳುವ ಗಂಟಲಿಗೆ ಮೂಕ ಪಾತ್ರ! ಅಡುಗೆ ಭಟ್ಟನನ್ನು ಕರೆಸಿ ಏಕಾದಶಿ ಮಾಡಿದಂತೆ. ಇದನ್ನು ಕಂಡಕ್ಟರುಗಳ ಮುಂದೆ ಹೇಳುವುದು ಹೇಗೆ?

“ಐತೆ” ಎಂದುಬಿಟ್ಟ. “ಒಂದೇ ಒಂದು. ಆದ್ರೆ ಒಂದೇ ಸಾಕು.”

“ಹೇಳಣ್ಣ ಮತ್ತೆ!”

“ಈಗ್ಲೇ ಹೇಳಿದ್ರೆ ಸಂಜೆಗೆ ಏನ್ ಉಳೀತೈತೆ?”

“ಟೀ ಕೊಡೋ ನನ್ನ ಹತ್ರಾನೇ ಸಸ್ಪೆನ್ಸಾ?” ಎಂದು ಮಲ್ಲೇಶಪ್ಪ ಅವನ ಮುಂದಿದ್ದ ಲೋಟವನ್ನೇ ಹಿಂದಕ್ಕೆ ಎಳೆದುಕೊಂಡ.

ಹೊರಗೆ ದಾವಣಗೆರೆ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಕ್ಲೀನರು “ಬರ್ಲಿ, ಬರ್ಲಿ, ರೈಟ್” ಎಂದು ಅದರ ಬೆನ್ನು ತಟ್ಟುತ್ತಿದ್ದ. ಅದನ್ನೇ ನೋಡುತ್ತಿದ್ದ ಹನುಮಂತಪ್ಪನ ಬಾಯಿಂದ, ಎಲ್ಲಿಂದ ಬಂತೋ ಏನೋ, ಮೈಕಿನ ಗತ್ತಿನಲ್ಲೇ ಹೊರಬಿತ್ತು:

“ಬಸ್ಸಿಗೆ ರಿವರ್ಸ್ ಗೇರ್ ಐತೆ ಕಣಮ್ಮಾ, ಅಪ್ಪನ ಕರುಳಿಗೆ ರಿವರ್ಸ್ ಗೇರ್ ಇಲ್ಲ!”

ಒಬ್ಬ ಕಂಡಕ್ಟರ್ ಬಾಯಲ್ಲಿದ್ದ ಟೀ ನುಂಗುವುದನ್ನು ಮರೆತ. ಎರಡು ತಿಂಗಳ ಹಿಂದೆ ಮಗಳನ್ನು ಜಗಳೂರಿಗೆ ಮದುವೆ ಮಾಡಿ ಕಳಿಸಿದ್ದ ಮಲ್ಲೇಶಪ್ಪ ಹೆಗಲ ಮೇಲಿನ ಬಟ್ಟೆಯಿಂದ ಮೂಗು ಒರೆಸಿಕೊಂಡ. ಆಮೇಲೆ ಲೋಟವನ್ನು ವಾಪಸು ತಳ್ಳಿ, ಜೊತೆಗೆ ಒಂದು ಬನ್ನನ್ನೂ ಇಟ್ಟು, ಸೀಮೆಸುಣ್ಣ ತೆಗೆದುಕೊಂಡು ‘ಇಂದಿನ ವಿಶೇಷ: ಮಂಡಕ್ಕಿ, ಮೆಣಸಿನಕಾಯಿ’ ಎಂದಿದ್ದ ಬೋರ್ಡಿನ ಕೆಳಗೆ ಆ ಮಾತನ್ನು ದುಂಡಗೆ ಬರೆದ.

ಅಲ್ಲಿಗೇ ನಿಂತಿದ್ದರೆ ಒರೆಸಿಬಿಡಬಹುದಿತ್ತು. ಆದರೆ ಎಂಟೂ ಹತ್ತರ ಬಸ್ಸಿಗೆ ಆ ಡೈಲಾಗು ಹೊನ್ನಾಳಿಗೆ ಹೊರಟಿತು. ಎಂಟೂವರೆಗೆ ಉಬ್ರಾಣಿಗೆ. ಒಂಬತ್ತಕ್ಕೆ ದಾವಣಗೆರೆ ಮೇಲೆ ಜಗಳೂರಿಗೆ. ಕಂಡಕ್ಟರುಗಳು ಟಿಕೆಟು ಹರಿಯುವಾಗೆಲ್ಲ ಅದನ್ನೂ ಹರಿದು ಕೊಟ್ಟರು. ಹತ್ತೂವರೆಗೆ ಹೊನ್ನಾಳಿಯಿಂದ ಬಂದ ಬಸ್ಸಿನಲ್ಲಿ ಡೈಲಾಗು ಸ್ವಲ್ಪ ದಪ್ಪಗಾಗಿ ಮರಳಿತು. “ಲೇ ಡ್ರೈವರ್, ನಿಲ್ಲಿಸೋ!” ಎಂದು ಮುಂದೊಂದು ತುಂಡು ಸೇರಿಕೊಂಡಿತ್ತು. ನ್ಯಾಮತಿಯದರಲ್ಲಿ ಅಪ್ಪ ಬಸ್ಸಿನ ಮುಂದೆ ಅಡ್ಡ ಮಲಗುತ್ತಿದ್ದ.

ಹನುಮಂತಪ್ಪ ಹೊರಡುವ ಬಸ್ಸುಗಳ ಹೆಸರು ಕೂಗಲು ಮೈಕು ಹಿಡಿದರೆ ಸಾಕು, ನಿಲ್ದಾಣದ ಜನ ಕಿವಿ ನಿಮಿರಿಸುತ್ತಿದ್ದರು. ಸೂರಗೊಂಡನಕೊಪ್ಪದಲ್ಲಿ ಹರಕೆ ತೀರಿಸಿ ಬಂದಿದ್ದ ಅಜ್ಜಿಯೊಬ್ಬಳು ಗೋಡೆಗೂ ಕಿಟಕಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಬಂದು ಸರಳು ಹಿಡಿದು ನಿಂತಳು.

“ನೀನೇನಪ್ಪಾ ಕರುಳಿನೋನು? ಅದೊಂದು ಮಾತು ಮೈಕ್‌ನಾಗೆ ಹೇಳಪ್ಪ. ನನ್ನ ಬಸ್ಸಿಗೆ ಇನ್ನೂ ಹೊತ್ತೈತೆ.”

“ಸಂಜೆ ಬರ್ರಿ ಅಜ್ಜಿ, ಸಿನಿಮಾದಾಗೇ ಕೇಳೀರಂತೆ” ಎಂದು ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು.

ಮಧ್ಯಾಹ್ನ ಅಂತರಘಟ್ಟಮ್ಮ ಬುತ್ತಿ ತಂದಳು. ಆಕೆ ಬಲು ಮೆಲುದನಿಯವಳು. ಮನೆಯಲ್ಲಿ ಕೋಳಿ ಓಡಿಸುವಾಗಲೂ ಕೈ ಬೀಸುತ್ತಿದ್ದಳೇ ಹೊರತು ಬಾಯಿ ಮಾಡುತ್ತಿರಲಿಲ್ಲ. ರೇಷನ್ ಅಂಗಡಿಯವನು ಆಕೆಯ ಹೆಸರು ಕೇಳಿದರೆ ಹನುಮಂತಪ್ಪನೇ ಹೇಳುತ್ತಿದ್ದ. ಆದರೆ ಆಕೆಗೆ ಎಲ್ಲ ಗೊತ್ತಿತ್ತು. ಶೂಟಿಂಗಿನ ದಿನ ಬಸ್ಸು ತುಂಬಿಸಲು ಜನ ಸಾಲದೆ ಕಾವ್ಯಶ್ರೀ ಆಕೆಯನ್ನೂ ಎರಡನೇ ಸೀಟಿನಲ್ಲಿ ಕೂರಿಸಿದ್ದಳು. ಚಿತ್ರದಲ್ಲಿ ಆಕೆಯ ಮೊಣಕೈ ಇತ್ತು.

“ದಾರಿ ಉದ್ದಕ್ಕೂ ಜನ ಅದ್ಯಾವುದೋ ಗೇರು ಅಂತಿದ್ರು” ಎಂದು ಬುತ್ತಿ ಬಿಚ್ಚಿದಳು. “ನಿಮಗೆ ಮಾತೇ ಇರ್ಲಿಲ್ಲಲ್ರೀ?”

“ಮೆಲ್ಲಗೆ!”

“ಮೆಲ್ಲಗೇ ಅಂದೆ.”

ಹನುಮಂತಪ್ಪ ರೊಟ್ಟಿ ಮುರಿದ, ಹಾಗೇ ಇಟ್ಟ. “ಬಾಯಿ ತಪ್ಪಿ ಬಂತು ಕಣೆ. ಈಗ ನಾಲ್ಕು ತಾಲ್ಲೂಕು ಕಾಯ್ತೈತೆ.”

“ಸುಳ್ಳು ಅಂತ ಹೇಳಿಬಿಡ್ರಿ. ಒಂದು ದಿನ ನಗ್ತಾರೆ.”

“ಇಪ್ಪತ್ತಾರು ವರ್ಷ ನಾನು ಹೇಳಿದ್ದೆಲ್ಲ ನಂಬಿ ಬಸ್ ಹತ್ತಿದಾರೆ ಮಂದಿ. ನಾಳೆಯಿಂದ ಯಾರು ಹತ್ತುತಾರೆ?”

ಆಕೆ ಬುತ್ತಿಯನ್ನು ಮತ್ತೆ ಕಟ್ಟಿದಳು.

ಎರಡು ಗಂಟೆಗೆ ಹನುಮಂತಪ್ಪ ಮೈಕನ್ನು ಟೈಮ್ ಕೀಪರಿಗೆ ಒಪ್ಪಿಸಿ ಸಮುದಾಯ ಭವನಕ್ಕೆ ಓಡಿದ. ಕಾವ್ಯಶ್ರೀ ಏಣಿ ಹತ್ತಿ, ಬೆಳಕು ಬಾರದಂತೆ ಕಿಟಕಿಗಳಿಗೆ ಓಣಿಯವರ ಕಂಬಳಿಗಳನ್ನು ಕಟ್ಟುತ್ತಿದ್ದಳು.

“ಅಮ್ಮಾ, ಕೊನೆಗೆ ನಾನು ನಿಂತಿರ್ತೀನಲ್ಲ, ಅಲ್ಲಿ ಒಂದೇ ಒಂದು ಮಾತು ಸೇರಿಸಾಕೆ ಆಗ್ತೈತಾ?”

“ಮಾತಾ? ಅಂಕಲ್, ಆ ಮೌನಾನೇ ಸಿನಿಮಾ!” ಕಾವ್ಯಶ್ರೀ ಏಣಿಯ ಮೇಲೆಯೇ ಕೂತಳು. “ನೀವು ಏನೂ ಹೇಳದೆ ನಿಲ್ತೀರಲ್ಲ, ಇಪ್ಪತ್ತೆರಡು ಸೆಕೆಂಡು, ಅದಕ್ಕೋಸ್ಕರಾನೇ ನಾನು ಈ ಸಿನಿಮಾ ಮಾಡಿದ್ದು. ಎಡಿಟಿಂಗ್ ಮಾಡುವಾಗ ನನಗೇ ಅಳು ಬಂತು ಗೊತ್ತಾ?”

ಅಷ್ಟರಲ್ಲಿ ಓಣಿಯ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿ, “ಕಾವ್ಯಾ, ಆ ರಿವರ್ಸ್ ಗೇರಿಂದು ಎಷ್ಟು ಗಂಟೆಗೆ?” ಎಂದು ಕೇಳಿದಳು.

“ಅದು ಹೊನ್ನಾಳಿಯವರದ್ದಿರಬೇಕು ಆಂಟಿ” ಎಂದು ಕಾವ್ಯಶ್ರೀ ಮತ್ತೊಂದು ಕಂಬಳಿ ಎತ್ತಿಕೊಂಡಳು. ಬೆಳಗಿನಿಂದ ಕಂಬಳಿ ಹೊರುವುದರಲ್ಲೇ ಇದ್ದ ಆ ಹುಡುಗಿಗೆ ಊರ ಸುದ್ದಿ ಮುಟ್ಟಿರಲಿಲ್ಲ. ಹನುಮಂತಪ್ಪ ನಿಂತಲ್ಲಿ ನಿಲ್ಲಲಾರದೆ ಹೊರಗೆ ಬಂದ.

ಹೊರಗೆ ಸೈಫುಲ್ಲಾ ಸ್ಪೀಕರ್ ಇಳಿಸುತ್ತಿದ್ದ. ಶಾಮಿಯಾನ, ಸೌಂಡು, ಜನರೇಟರು ಎಲ್ಲ ಅವನದೇ. ಅವನ ಸಹನೆಯ ಮುಖ ನೋಡಿದ್ದೇ ಹನುಮಂತಪ್ಪ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ. ಸೈಫುಲ್ಲಾ ಕೇಳಿ ಮುಗಿಸಿ, ಬೀಡಿ ಆರಿಸಿ, ಪೆಟ್ಟಿಗೆಯಿಂದ ಒಂದು ಕಾರ್ಡ್‌ಲೆಸ್ ಮೈಕು ತೆಗೆದ.

“ಹನುಮಂತಣ್ಣ, ಭಾಷಣ ಮರೆತ ದೊಡ್ಡ ದೊಡ್ಡೋರಿಗೆ ಕರೆಂಟು ತೆಗೆದು ಮಾನ ಉಳಿಸೀನಿ ನಾನು. ನಿಂದೇನು ಮಹಾ? ಪರದೆ ಹಿಂದೆ ಜಾಗ ಐತೆ, ಹೋಗಿ ನಿಂತ್ಕೋ. ನಿನ್ನ ಮುಖ ಬಂದ ತಕ್ಷಣ ಈ ಬಟನ್ ಒತ್ತು, ಡೈಲಾಗ್ ಹೊಡಿ, ಬಂದ್ ಮಾಡು. ಅಲ್ಲಾನಾಣೆ, ಯಾರಿಗೂ ಗೊತ್ತಾಗಾಕಿಲ್ಲ.”

“ಕಾವ್ಯಮ್ಮನಿಗೆ?”

“ಆಕೆಗೆ ಆಮ್ಯಾಲೆ ಕಾಲಿಗೆ ಬಿದ್ರಾಯ್ತು.”

ಐದೂವರೆಗೆ ಶುರು. ಕುರ್ಚಿ ನೂರೈವತ್ತು, ಜನ ನಾನೂರು. ಉಬ್ರಾಣಿಯಿಂದ ಒಂದು ಟೆಂಪೋ ಬಂದಿತ್ತು. ಬೆಳಗಿನ ಅಜ್ಜಿ ತನ್ನ ಬಸ್ಸನ್ನು ಬಿಟ್ಟುಕೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಇಷ್ಟೊಂದು ಜನಕ್ಕೆ ಸ್ವತಂತ್ರ ಸಿನಿಮಾದ ಮೇಲೆ ಇಂಥ ಪ್ರೀತಿ ಯಾವಾಗ ಹುಟ್ಟಿತೆಂದು ಕಾವ್ಯಶ್ರೀ ಕಣ್ಣರಳಿಸಿ ನೋಡುತ್ತಿದ್ದಳು. ತೀರ್ಪುಗಾರರಾಗಿ ಜಗಳೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪ್ರಸನ್ನಕುಮಾರ್ ಬಂದಿದ್ದರು. ಅವರು ಪ್ರತಿ ಚಿತ್ರ ಮುಗಿದಾಗಲೂ ಕನ್ನಡಕ ತೆಗೆದು ಒರೆಸಿ, ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಮೊದಲ ಐದು ಚಿತ್ರಗಳನ್ನು ಜನ ಸಹಿಸಿಕೊಂಡರು. ನ್ಯಾಮತಿಯವರ ಚಿತ್ರದಲ್ಲಿ ಒಬ್ಬ ಹನ್ನೆರಡು ನಿಮಿಷ ಹೆಣವಾಗಿ ಮಲಗಿದ್ದ. “ಇದ್ರಾಗೂ ಗೇರಿಲ್ಲ” ಎಂದು ಹಿಂದಿನ ಸಾಲು ಗೊಣಗಿತು. ಆರನೆಯದು ‘ಟವೆಲ್ಲು’. ಹೆಸರು ಬರುತ್ತಲೇ ಸಿಳ್ಳೆ ಬಿತ್ತು.

ಪರದೆಯ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಮೈಕು ಹಿಡಿದು ಹನುಮಂತಪ್ಪ ನಿಂತಿದ್ದ. ತೆಳು ಬಿಳಿ ಬಟ್ಟೆಯ ಈಚೆಗೂ ಚಿತ್ರ ಕಾಣುತ್ತಿತ್ತು. ಅಕ್ಷರಗಳು ಮಾತ್ರ ತಿರುಗುಮುರುಗು. ಬಸ್ಸು ಬಂತು. ಟವೆಲ್ಲು ಹಾರಿತು. ಮಗಳು ಹತ್ತಿದಳು. ಹೆಂಡತಿಯ ಮೊಣಕೈ ಬಂದು ಹೋಯಿತು. ಬಸ್ಸು ಧೂಳೆಬ್ಬಿಸಿ ಹೊರಟಿತು. ಆಮೇಲೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಆಳೆತ್ತರದ ಒಂದು ಮುಖ ಬಂತು.

ಹನುಮಂತಪ್ಪ ಆ ಮುಖವನ್ನು ಮೊದಲ ಸಲ ನೋಡಿದಂತೆ ನೋಡಿದ. ಕನ್ನಡಿಯಲ್ಲಿ ಕಂಡವನಲ್ಲ ಇವನು. ಇವನ ಹೆಗಲು ಖಾಲಿ. ಕೈಯೊಂದು ಟವೆಲ್ಲು ಸರಿಮಾಡಿಕೊಳ್ಳಲು ತಾನಾಗಿ ಹೆಗಲಿಗೆ ಹೋಯಿತು, ಅಲ್ಲೇನೂ ಇಲ್ಲದೆ ಹಾಗೇ ನಿಂತಿತು. ತುಟಿ ಒಮ್ಮೆ ಅದುರಿ ಮುಚ್ಚಿಕೊಂಡಿತು. ಅವನಿಗೆ ಹೇಳಲು ಏನೇನೋ ಇತ್ತು. ಹೇಳಲಿಲ್ಲ. ಹೇಳದೇ ಇದ್ದುದಕ್ಕೇ ಎಲ್ಲ ಕಾಣುತ್ತಿತ್ತು.

ಹೆಬ್ಬೆರಳು ಬಟನ್ನಿನ ಮೇಲಿತ್ತು. ಈಗ ಒತ್ತಬೇಕು. ‘ಬಸ್ಸಿಗೆ ರಿವರ್ಸ್ ಗೇರ್’ ಎನ್ನಬೇಕು. ಛೇ, ಈ ಮನುಷ್ಯ ಅಂಥ ಮಾತಾಡುವವನೇ ಅಲ್ಲ ಎನ್ನಿಸಿತು ಹನುಮಂತಪ್ಪನಿಗೆ. ಇವನ ಬಾಯಲ್ಲಿ ಅದನ್ನು ತುರುಕಿದರೆ ಪಾಪ ಬರುತ್ತದೆ. ಊರು ನಗಲಿ. ನಾಳೆ ಯಾರೂ ಬಸ್ಸು ಹತ್ತದಿದ್ದರೆ ಹತ್ತದಿರಲಿ. ಅವನು ಮೈಕನ್ನು ಮೆಲ್ಲಗೆ ಕೆಳಗಿಟ್ಟ. ಬದುಕಿನಲ್ಲಿ ಮೊದಲ ಬಾರಿಗೆ, ಬೇಕೆಂದೇ ಸುಮ್ಮನಾದ.

ಆಚೆ ನಾನೂರು ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಐದು ಸೆಕೆಂಡು. ಎಂಟು. ಯಾರೋ ಕೆಮ್ಮಿದರು. “ಎಲ್ಲೈತಪ್ಪಾ ಡೈಲಾಗು?” ಎಂದಿತು ಒಂದು ದನಿ. ಹಿಂದಿನಿಂದ ಕಿಸಕ್ಕನೆ ನಗು.

ಆಗ ಹೆಂಗಸರ ಸಾಲಿನಿಂದ ಒಂದು ಕೂಗು ಎದ್ದಿತು. ಬಳಸದೆ ಇಟ್ಟ ಕಬ್ಬಿಣದ ಬಾಗಿಲು ತೆರೆದಂತೆ ಮೊದಲು ಕಿರುಗುಟ್ಟಿ, ಆಮೇಲೆ ಭವನದ ತಗಡಿಗೆ ಬಡಿಯುವಷ್ಟು ದೊಡ್ಡದಾಗಿ:

“ಬಸ್ಸಿಗೆ ರಿವರ್ಸ್ ಗೇರ್ ಐತೆ ಕಣಮ್ಮಾ…!”

ಅಷ್ಟು ಸಾಕಿತ್ತು. “ಅಪ್ಪನ ಕರುಳಿಗೆ ರಿವರ್ಸ್ ಗೇರ್ ಇಲ್ಲ!” ಎಂದು ನಾನೂರು ಗಂಟಲು ಒಂದಾಗಿ ಕೂಗಿದವು. ಮಲ್ಲೇಶಪ್ಪ ಬೆಂಚು ಹತ್ತಿ ಅಳುತ್ತಾ ಕೂಗಿದ. ಹೊನ್ನಾಳಿಯವರು ತಮ್ಮ “ಲೇ ಡ್ರೈವರ್” ಅನ್ನೂ ಸೇರಿಸಿ ಕೂಗಿದರು. ಚಪ್ಪಾಳೆ, ಸಿಳ್ಳೆ. ಕಿಟಕಿಯ ಎರಡು ಕಂಬಳಿ ಬಿದ್ದುಹೋದವು. ಆ ಗದ್ದಲದಲ್ಲಿ ಪರದೆಯ ಮೇಲಿನ ಮುಖ ಇನ್ನೂ ಹತ್ತು ಸೆಕೆಂಡು ಸುಮ್ಮನೆ ನಿಂತು ಮರೆಯಾಯಿತು. ಅದನ್ನು ನೋಡಿದವನು ಹನುಮಂತಪ್ಪ ಒಬ್ಬನೇ. ಅವನು ಮಡಿಸಿಟ್ಟ ಶಾಮಿಯಾನದ ಮೇಲೆ ಕುಸಿದು ಕೂತ.

ಒಂಬತ್ತೂ ಚಿತ್ರಗಳಾದ ಮೇಲೆ ಪ್ರಸನ್ನಕುಮಾರ್ ಮೇಷ್ಟ್ರು ಪುಟ್ಟ ಪುಸ್ತಕ ಹಿಡಿದು ಎದ್ದರು.

“ಅತ್ಯುತ್ತಮ ಸಂಭಾಷಣೆ, ‘ಟವೆಲ್ಲು’! ಪಾತ್ರದ ಮಾತನ್ನು ಪ್ರೇಕ್ಷಕರಿಂದಲೇ ಆಡಿಸಿದ ಇಂಥ ಪ್ರಯೋಗ ನಾನು ಎಲ್ಲೂ ನೋಡಿಲ್ಲ” ಎಂದರು. ಒಂದು ಸಾಲು ಸಂಭಾಷಣೆಯನ್ನೂ ಬರೆಯದ ಕಾವ್ಯಶ್ರೀ ಪರಕೀಯಳಂತೆ ಹೋಗಿ ಫಲಕ ಇಸಿದುಕೊಂಡಳು.

“ಇನ್ನು ಅತ್ಯುತ್ತಮ ನಟ.” ಹನುಮಂತಪ್ಪ ಪರದೆಯ ಅಂಚಿನಿಂದ ತಲೆ ಹೊರಹಾಕಿದ. “ಮಾತಾಡಿ ಯಾರು ಬೇಕಾದರೂ ನಟಿಸಬಹುದು. ಒಂದೇ ಒಂದು ಮಾತೂ ಆಡದೆ ನಟಿಸುವುದಿದೆಯಲ್ಲ, ಅದು ನಟನೆ!” ಹನುಮಂತಪ್ಪನ ಒಂದು ಕಾಲು ಹೊರಗೆ ಬಂತು. “ಹಾಗಾಗಿ ಈ ಬಹುಮಾನ, ಹನ್ನೆರಡು ನಿಮಿಷ ರೆಪ್ಪೆ ಅಲುಗಿಸದೆ ಮಲಗಿದ್ದ ನ್ಯಾಮತಿಯ ಹೆಣಕ್ಕೆ!”

ಹೆಣ ಕೈಮುಗಿಯುತ್ತಾ ವೇದಿಕೆ ಹತ್ತಿತು. ಹನುಮಂತಪ್ಪ ಕಾಲನ್ನು ಒಳಗೆ ಎಳೆದುಕೊಂಡ.

ಜನ ಕರಗಿದ ಮೇಲೆ ಕಾವ್ಯಶ್ರೀ ನೇರ ಅವನ ಬಳಿಗೇ ಬಂದಳು. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಗಿತ್ತು. ಅವನು ಕಾಲಿಗೆ ಬೀಳಲು ಬಗ್ಗಿದ.

“ಅಯ್ಯೋ, ಏಳ್ರಿ ಅಂಕಲ್! ಬೈಯ್ಯಬೇಕು ಅಂತಾನೇ ಬಂದೆ, ನಿಮ್ಮ ಮುಖ ನೋಡಿದ್ರೆ ಬೈಯಾಕೆ ಆಗ್ತಿಲ್ಲ. ಅದಿರ್ಲಿ, ಮೊದಲು ಕೂಗಿದ ಆ ದನಿ ಯಾರದ್ದು?”

ಹನುಮಂತಪ್ಪನಿಗೂ ಗೊತ್ತಿರಲಿಲ್ಲ. ಉತ್ತರ ಕೊಟ್ಟವನು ವೈರು ಸುತ್ತುತ್ತಿದ್ದ ಸೈಫುಲ್ಲಾ. ಅವನು ಗದ್ದದಿಂದಲೇ ತೋರಿಸಿದ ಕಡೆ, ಬಾಗಿಲ ಬಳಿ ಅಂತರಘಟ್ಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಕಾವ್ಯಶ್ರೀ ಓಡಿಹೋಗಿ ಆಕೆಯ ಎರಡೂ ಕೈ ಹಿಡಿದಳು. “ಆಂಟಿ, ಇಂಥ ದನಿ ಇಟ್ಕೊಂಡು ಇಷ್ಟು ವರ್ಷ ಎಲ್ಲಿದ್ರಿ? ಮುಂದಿನ ಸಿನಿಮಾಕ್ಕೆ ನೀವೇ. ಗಂಡನಿಗೆ ಎದುರು ಕೂತು, ಮದುವೆಯಾದ ದಿನದಿಂದ ಮನಸ್ಸಿನಾಗೆ ಇರೋದೆಲ್ಲ ಒಂದೇ ಉಸಿರಿಗೆ ಹೇಳೋ ಹೆಂಗಸಿನ ಕತೆ. ಹದಿನಾಲ್ಕು ಪುಟ ಡೈಲಾಗು!”

“ನನಗೇನಾದ್ರೂ…?” ಎಂದ ಹನುಮಂತಪ್ಪ.

“ನಿಮ್ಮನ್ನ ಬಿಡ್ತೀನಾ ಅಂಕಲ್? ಗಂಡ ನೀವೇ. ಕೇಳ್ತಾ ಕೂರಬೇಕು.”

ಗಂಡ ಹೆಂಡತಿ ಓಣಿಯಲ್ಲಿ ನಡೆದು ಹೊರಟರು.

“ಅಲ್ವೇ, ನೀನು ಹೆಂಗೆ ಕೂಗಿದೆ?” ಎಂದು ಅವನು ಕೇಳಿದ.

“ನೀವು ಪರದೆ ಹಿಂದೆ ಇರೋದು ಸೈಫುಲ್ಲಾಣ್ಣ ಹೇಳಿದ್ದ. ಮುಖ ಬಂತು, ಮಾತು ಬರ್ಲಿಲ್ಲ. ಅಯ್ಯೋ, ಅಷ್ಟು ಜನರ ಮುಂದೆ ಇವರಿಗೆ ಬಾಯಿ ಕಟ್ಟೋಯ್ತಲ್ಲ ಅಂತ ನನ್ನ ಜೀವ ಹೋದಂಗಾತು. ಯಾರೋ ನಕ್ರು ನೋಡ್ರಿ, ಆಗ ನನಗೇ ತಿಳೀದಂಗೆ ಎದ್ದು ನಿಂತಿದ್ದೆ.” ಆಕೆ ಅವನ ಮುಖ ನೋಡಿದಳು. “ಬಾಯಿ ಕಟ್ಟಿತ್ತು, ಅಲ್ಲೇನ್ರಿ?”

ಹನುಮಂತಪ್ಪ ಎರಡು ಹೆಜ್ಜೆ ಸುಮ್ಮನೆ ನಡೆದ.

“ಹೂಂ ಕಣೆ” ಎಂದ. “ಪೂರ್ತಿ ಕಟ್ಟಿತ್ತು. ನೀನಿಲ್ದಿದ್ರೆ ಇವತ್ತು ನನ್ನ ಕತೆ ಮುಗೀತಿತ್ತು.”

ಅಂತರಘಟ್ಟಮ್ಮನ ಮುಖ ಅರಳಿತು. ಆಮೇಲೆ ಆಕೆ ಹೇಳಲು ಶುರುಮಾಡಿದಳು: ಎದ್ದಾಗ ಪಕ್ಕದವಳು ಸೆರಗು ಹಿಡಿದು ಹೇಗೆ ಎಳೆದಳು, ಅಜ್ಜಿ ಬೆನ್ನು ತಟ್ಟಿ ಏನೆಂದಳು, ತಾನು ಚಿಕ್ಕವಳಿದ್ದಾಗ ಹೊಲದಲ್ಲಿ ಗಿಳಿ ಓಡಿಸಲು ಹೇಗೆ ಕೂಗುತ್ತಿದ್ದಳು. ಮನೆ ಬಂದರೂ ಮಾತು ನಿಲ್ಲಲಿಲ್ಲ. ಬೀಗ ತೆಗೆಯುತ್ತಾ ಹನುಮಂತಪ್ಪ “ಅಲ್ಲ ಕಣೆ, ನಾನು…” ಎಂದು ಬಾಯಿ ತೆರೆದ.

“ತಡೀರಿ, ನಾ ಇನ್ನೂ ಮುಗಿಸಿಲ್ಲ” ಎಂದಳು ಅಂತರಘಟ್ಟಮ್ಮ.